ಒಂದೂವರೆ ಇಂಚು

ಫೆಬ್ರವರಿ ೧೮

ಅಕ್ಕಾ,

ನಿನಗೆ ಫೋನ್ ಮಾಡಿ ಪ್ರಯೋಜನವಿಲ್ಲ. ಆ ಕಡೆ ನಿನ್ನ ಹೊಲಿಗೆ ಮಿಷನ್ನು ಕೂಗುತ್ತಿರುತ್ತದೆ, ಈ ಕಡೆ ನನ್ನ ಶಿಷ್ಯರು ಹಾರ್ನ್ ಒತ್ತುತ್ತಿರುತ್ತಾರೆ. ಅದಕ್ಕೇ ಕಾಗದ.

ವಿಷಯ ನನ್ನ ಮಗಳದು, ನಿನ್ನ ಚೋಟಿಯದು. ಮೇ ಹದಿನೈದರಿಂದ ಅವಳಿಗೆ ರಜೆ. ಅವಳಮ್ಮನೂ ನಾನೂ ಬೇರೆಯಾದಾಗ ಆದ ಮಾತಿನಂತೆ ವರ್ಷಕ್ಕೆ ಹತ್ತು ದಿನ ಅವಳು ನನ್ನ ಪಾಲು. ಹೋದ ವರ್ಷ ನಾಲ್ಕನೇ ದಿನಕ್ಕೇ ಹೊಟ್ಟೆನೋವು ಎಂದು ಹೊರಟುಬಿಟ್ಟಳು. ಹೊಟ್ಟೆನೋವಲ್ಲ, ಬೇಜಾರು. ನಾಲ್ಕು ದಿನದಲ್ಲಿ ಮೂರು ಊರು ತೋರಿಸಿದೆ, ಮೂರರಲ್ಲೂ ಮೊಬೈಲ್ ನೋಡುತ್ತಿದ್ದಳು. ಈಗ ಹನ್ನೆರಡು ತುಂಬಿದೆ. ಈ ಸಲವೂ ಹಾಗೇ ಆದರೆ ಮುಂದಿನ ವರ್ಷ ಬರುವುದಿಲ್ಲ. ಅದನ್ನು ಯಾರೂ ನನಗೆ ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಈ ಸಲ ಅವಳೇ ಒಂದು ಕೇಳಿದ್ದಾಳೆ. ಅವರ ಪಕ್ಕದ ಮನೆಯವರು ಜೀಪಿನ ನೆತ್ತಿಯ ಮೇಲೆ ಮಡಚುವ ಡೇರೆ ಹಾಕಿಸಿದ್ದಾರಂತೆ. ಏಣಿ ಹತ್ತಿ ಒಳಗೆ ಹೋಗಿ ಮಲಗುವುದಂತೆ. ‘ಅಪ್ಪಾ, ನಾವೂ ಹಂಗೇ ಕಾರಲ್ಲೇ ಮಲಗೋಣ, ಬೆಟ್ಟದ ಕೆರೆ ಹತ್ರ’ ಅಂದಳು. ಎರಡು ವರ್ಷದಲ್ಲಿ ಅವಳು ನನ್ನನ್ನು ಕೇಳಿದ್ದು ಇದೊಂದೇ. ಹೂಂ ಅಂದುಬಿಟ್ಟೆ. ಅಂಗಡಿಗೆ ಹೋಗಿ ವಿಚಾರಿಸಿದರೆ ಆ ಡೇರೆಯ ಬೆಲೆಗೆ ನನ್ನ ಕಾರಿನಂಥದ್ದೇ ಇನ್ನೊಂದು ಕಾರು ಬರುತ್ತದೆ. ಅಲ್ಲದೆ ನನ್ನ ಕಾರಿನ ನೆತ್ತಿ ಡ್ರೈವಿಂಗ್ ಸ್ಕೂಲಿನ ಬೋರ್ಡು ಹೊರುವುದಕ್ಕೇ ಏದುಸಿರು ಬಿಡುತ್ತದೆ. ಅವಳಮ್ಮನ ಷರತ್ತು ಒಂದೇ: ಮಗುವನ್ನು ನೆಲದ ಮೇಲೆ ಮಲಗಿಸಬಾರದು, ಹಾವು ಹುಳ ಅಂತ ಭಯ.

ನೀನು ಲಾರಿಗಳಿಗೆ ಟಾರ್ಪಾಲು ಹೊಲಿಯುವವಳು. ಕಡಿಮೆಯಲ್ಲಿ ಆಗುವಂಥದ್ದು ಏನಾದರೂ ಇದೆಯಾ?

ನಿನ್ನ ತಮ್ಮ

ಫೆಬ್ರವರಿ ೨೬

ಡ್ರೈವಿಂಗ್ ಮೇಷ್ಟ್ರೇ,

ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದರಂತೆ. ಮೂವತ್ತು ವರ್ಷದಿಂದ ಕ್ಯಾನ್ವಾಸಿನಲ್ಲಿ ಬೆರಳು ಸವೆಸಿದ ಅಕ್ಕ ಇಲ್ಲಿರುವಾಗ ನೀನು ಗಾಜಿನ ಬಾಗಿಲಿನ ಅಂಗಡಿಗೆ ಹೋಗಿದ್ದೀಯ. ಬೆಲೆ ಕೇಳಿ ತಲೆ ತಿರುಗಿತಲ್ಲ, ಅಷ್ಟು ಶಿಕ್ಷೆ ಸಾಕು.

ಯೋಚನೆ ಮಾಡಿದೆ. ನೆಲಕ್ಕೆ ಗೂಟ ಹೊಡೆದು ಹಾಕುವ ಮಾಮೂಲಿ ಟೆಂಟು ಎಲ್ಲಕ್ಕಿಂತ ಅಗ್ಗ, ಆದರೆ ಅವಳಮ್ಮ ಬಿಡುವುದಿಲ್ಲ. ಎರಡು ಮರದ ನಡುವೆ ಜೋಲಿ ಕಟ್ಟಿ ಮೇಲೊಂದು ಟಾರ್ಪಾಲು ಎಳೆಯಬಹುದು. ಚೋಟಿಗೆ ಅದು ಸರಿ. ನಿನ್ನ ತೂಕಕ್ಕಾದರೆ ಹಿಂದಿನ ದಿನವೇ ಮರ ಹುಡುಕಬೇಕು, ಬೆಳಿಗ್ಗೆ ಎದ್ದು ಸೊಂಟ ಹುಡುಕಬೇಕು. ಕ್ಯಾರಿಯರ್ ಮೇಲೆ ಹಲಗೆ ಹಾಸಿ ನಾವೇ ಡೇರೆ ಎಬ್ಬಿಸೋಣವೆಂದರೆ ನಿನ್ನ ಕಾರಿನ ಹಣೆಬರಹ ನೀನೇ ಹೇಳಿದ್ದೀಯ.

ಅದಕ್ಕೆ ನನ್ನ ಮಾತು ಕೇಳು. ಹಿಂದಿನ ಸೀಟು ಮಡಚಿ ಹಲಗೆ ಹಾಸು, ಅದರ ಮೇಲೆ ಹಾಸಿಗೆ. ಡಿಕ್ಕಿ ಬಾಗಿಲು ಮೇಲಕ್ಕೆತ್ತಿದರೆ ಅರ್ಧ ಚಾವಣಿ ಆದ ಹಾಗೆ. ಅದಕ್ಕೆ ತಗುಲಿಸಿ ಹಿಂದಕ್ಕೆ ಚಾಚಿಕೊಳ್ಳುವ ಡೇರೆಯೊಂದನ್ನು ನಾನು ಹೊಲಿಯುತ್ತೇನೆ. ಕಾರಿನೊಳಗೆ ಹಲಗೆಯ ಮೇಲೆ ಅವಳು, ಹಿಂದೆ ಡೇರೆಯಲ್ಲಿ ಮಡಚುವ ಮಂಚದ ಮೇಲೆ ನೀನು. ಎರಡು ಕೋಣೆಯ ಮನೆ ಆಯಿತು. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರಲ್ಲ, ನಿನ್ನ ಕಾಲು ನೋಡಿಯೇ ಹೊಲಿದು ಕೊಡುತ್ತೇನೆ.

ಮೂರು ಅಳತೆ ಕಳಿಸು: ಡಿಕ್ಕಿಯ ಅಗಲ, ಎತ್ತಿದ ಬಾಗಿಲ ತುದಿಯಿಂದ ನೆಲದವರೆಗಿನ ಎತ್ತರ, ಹಿಂದೆ ಮಂಚ ಇಟ್ಟರೆ ಬೇಕಾಗುವ ಉದ್ದ. ಗೇಣಿನಲ್ಲೇ ಅಳೆ. ಅಪ್ಪನ ಅಂಗಡಿಯ ಪಾಠ ಮರೆತಿಲ್ಲ ತಾನೇ? ಎಡಗೈಯಲ್ಲಿ ಗೇಣು, ಬಲಗೈಯಲ್ಲಿ ಸೀಮೆಸುಣ್ಣ. ‘ಟೇಪು ಎಳೆದರೆ ಹಿಗ್ಗುತ್ತೆ, ಗೇಣು ಸುಳ್ಳು ಹೇಳಲ್ಲ’ ಅನ್ನುತ್ತಿದ್ದರು. ನಿನ್ನ ಗೇಣೂ ನನ್ನ ಗೇಣೂ ಒಂದೇ, ಸರಿಯಾಗಿ ಒಂಬತ್ತು ಇಂಚು. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಅವರು ಕೊರೆದ ನಮ್ಮಿಬ್ಬರ ಗೆರೆ ಇನ್ನೂ ಇದೆ.

ಚೋಟಿಗೆ ಮುತ್ತು. ಹುಟ್ಟಿದಾಗ ಚೋಟುದ್ದ ಇದ್ದವಳು ಈಗ ಕೆರೆ ಬೇಕು ಬೆಟ್ಟ ಬೇಕು ಅಂತಾಳೆ.

ಅಕ್ಕ

ಮಾರ್ಚ್ ೭

ಅಕ್ಕಾ,

ಅಗಲ ಎಂಟು ಗೇಣು. ಎತ್ತರ ಹತ್ತು. ಉದ್ದ ಹನ್ನೆರಡು. ಎಡಗೈಯಲ್ಲೇ ಅಳೆದಿದ್ದೇನೆ, ಅಪ್ಪ ಎದ್ದು ಬಂದು ಬೈಯುವ ಹಾಗಿಲ್ಲ.

ಹಲಗೆಯನ್ನು ಎದುರುಗಡೆಯ ಬಡಗಿ ಮಾಡಿಕೊಟ್ಟ. ನಾನೇ ಮಾಡಬಹುದಿತ್ತು, ಪುರುಸೊತ್ತಿಲ್ಲ. ಒಂಬತ್ತು ಜನ ಹೊಸಬರು ಸೇರಿದ್ದಾರೆ. ಈ ಕೆಲಸದ ಸುಖ ನಿನಗೆ ಗೊತ್ತಿಲ್ಲ: ಸ್ಟಿಯರಿಂಗು, ಗೇರು ಎಲ್ಲ ಅವರ ಕೈಯಲ್ಲಿ. ಪಕ್ಕದ ಸೀಟಿನಲ್ಲಿ ಕೂತ ನನಗೆ ಒಂದು ಬ್ರೇಕಿನ ಪೆಡಲು, ಮಿಕ್ಕಿದ್ದೆಲ್ಲ ಬಾಯಿ.

ಚೋಟಿ ವಾರಕ್ಕೆ ಎರಡು ಸಲ ಫೋನ್ ಮಾಡುತ್ತಾಳೆ. ಡೇರೆಗೆ ಕಿಟಕಿ ಇರುತ್ತದಾ ಅಂತ ಕೇಳಿದಳು. ಮೊದಲೆಲ್ಲ ಫೋನ್ ಎತ್ತಿಸುವುದೇ ಕಷ್ಟವಿತ್ತು. ಕಿಟಕಿ ಇಡು, ಅಕ್ಕಾ.

ನಿನ್ನ ತಮ್ಮ

ಮಾರ್ಚ್ ೨೫

ತಮ್ಮಾ,

ಪಾರ್ಸೆಲ್ ಕಳಿಸಿದ್ದೇನೆ. ಹಸಿರು ಕ್ಯಾನ್ವಾಸು, ನೀರು ಇಳಿಯುವುದಿಲ್ಲ, ಬಕೆಟ್ ಸುರಿದು ನೋಡಿದ್ದೇನೆ. ಕಿಟಕಿ ಎರಡಿದೆ, ಸೊಳ್ಳೆ ಬಲೆ ಹಾಕಿದೆ. ಮೇಲಂಚಿನ ಲಾಡಿಯನ್ನು ಡಿಕ್ಕಿ ಬಾಗಿಲ ಸುತ್ತ ತಂದು ಒಳಗೆ ಕಟ್ಟು. ಕೆಳಗಿನ ಹಿತ್ತಾಳೆ ರಿಂಗುಗಳಿಗೆ ಹಗ್ಗ ಪೋಣಿಸಿ ಗೂಟಕ್ಕೆ ಎಳೆ. ಗಂಟು ಹೇಗೆ ಹಾಕಬೇಕು ಅಂತ ನಿನಗೆ ಬರೆಯುವುದು ಮೀನಿಗೆ ಈಜು ಕಲಿಸಿದ ಹಾಗೆ.

ಲಾರಿಯವನೊಬ್ಬ ಎರಡು ದಿನದಿಂದ ಬಾಗಿಲಲ್ಲಿ ಕೂತು ಗೊಣಗುತ್ತಿದ್ದಾನೆ. ನಿಮ್ಮ ಲಾರಿಗಿಂತ ಇದು ಮುಖ್ಯ, ನನ್ನ ತಮ್ಮನ ಮಗಳಿಗೆ ಅಂದೆ.

ಅಕ್ಕ

ಏಪ್ರಿಲ್ ೨

ಅಕ್ಕಾ,

ಡೇರೆ ಬಂತು. ಹೊಲಿಗೆ ನೋಡಿ ಬಡಗಿ ಕಣ್ಣರಳಿಸಿದ. ಆದರೆ ದೊಡ್ಡದಾಗಿದೆ. ಅಗಲಕ್ಕೆ ಎರಡೂ ಕಡೆ ಜೋತುಬೀಳುತ್ತದೆ, ಎತ್ತರ ಹೆಚ್ಚಾಗಿ ನೆಲದ ಮೇಲೆ ರಾಶಿ ಬೀಳುತ್ತದೆ. ಅಪ್ಪನ ಅಂಗಿ ಹಾಕಿಕೊಂಡ ಮಗುವಿನ ಹಾಗೆ ಕಾಣುತ್ತಿದೆ ಕಾರು. ಗಾಳಿ ಬಂದರೆ ಹಾರಿಕೊಂಡು ಹೋಗುತ್ತದೆ. ಲಾರಿಯ ಅಭ್ಯಾಸದಲ್ಲಿ ಎಲ್ಲೋ ಕೈ ತಪ್ಪಿರಬೇಕು. ಬೇಜಾರಾಗಬೇಡ.

ಇನ್ನು ಆರು ವಾರ ಇದೆ.

ನಿನ್ನ ತಮ್ಮ

ಏಪ್ರಿಲ್ ೬

ಮೇಷ್ಟ್ರಿಗೆ,

ಬೇಜಾರಾಗಿದೆ. ಮೂವತ್ತು ವರ್ಷದಲ್ಲಿ ನನ್ನ ಕತ್ತರಿ ತಪ್ಪಿದೆ ಅಂದವನು ನೀನೇ ಮೊದಲು. ಗೊಣಗುವ ಲಾರಿಯವನೂ ಅಂದಿಲ್ಲ.

ಡೇರೆ ವಾಪಸ್ ಕಳಿಸು. ಜೊತೆಗೆ ಬಡಗಿಯ ಹತ್ತಿರ ಉಕ್ಕಿನ ಟೇಪು ಇಸಕೊಂಡು ಮೂರೂ ಅಳತೆಯನ್ನು ಇಂಚಿನಲ್ಲಿ ಬರೆ. ತಪ್ಪು ಯಾರದು ಅಂತ ನೋಡಿಯೇಬಿಡೋಣ.

ಏಪ್ರಿಲ್ ೧೪

ಅಕ್ಕಾ,

ಅಗಲ ಅರವತ್ತು ಇಂಚು. ಎತ್ತರ ಎಪ್ಪತ್ತೈದು. ಉದ್ದ ತೊಂಬತ್ತು. ಡೇರೆ ಕಳಿಸಿದ್ದೇನೆ. ಕೋಪ ಬಿಡು, ಬೇಗ ಮಾಡಿಕೊಡು. ಅವಳು ಆಗಲೇ ಬ್ಯಾಗಿನಲ್ಲಿ ಏನೇನು ತುಂಬಬೇಕು ಅಂತ ಪಟ್ಟಿ ಮಾಡಿದ್ದಾಳಂತೆ.

ತಮ್ಮ

ಏಪ್ರಿಲ್ ೧೯

ತಮ್ಮಾ,

ಡೇರೆ ಇನ್ನೂ ದಾರಿಯಲ್ಲಿದೆ, ಆದರೆ ನಿನ್ನ ಅಳತೆ ಬಂತು. ಕೂತು ಲೆಕ್ಕ ಹಾಕಿದೆ. ಎಂಟು ಗೇಣಿಗೆ ಅರವತ್ತು, ಹತ್ತಕ್ಕೆ ಎಪ್ಪತ್ತೈದು, ಹನ್ನೆರಡಕ್ಕೆ ತೊಂಬತ್ತು. ಕತ್ತರಿ ತಪ್ಪಿದರೆ ಒಂದು ಕಡೆ ತಪ್ಪುತ್ತದೆ, ಎಲ್ಲ ಕಡೆ ಒಂದೇ ಸಮನಾಗಿ ತಪ್ಪುವುದಿಲ್ಲ. ಅಳೆದ ಗೇಣು ಏಳೂವರೆ ಇಂಚಿನದು. ನಿನ್ನದು ಒಂಬತ್ತು. ಒಂದೂವರೆ ಇಂಚು ಎಲ್ಲಿ ಹೋಯಿತು?

ಮಧ್ಯಾಹ್ನವಿಡೀ ತಲೆ ಕೆರೆದುಕೊಂಡೆ. ಆಮೇಲೆ ಹೊಳೆಯಿತು, ನಗು ಬಂತು. ಏಳೂವರೆ ಇಂಚು ಅಂದರೆ ಹೆಂಗಸಿನ ಕೈ. (ನನ್ನದು ಬಿಡು, ರಾಕ್ಷಸಿ ಕೈ.) ಕಾರಿನ ಹಿಂದೆ ನಿಂತು ನಿನಗೋಸ್ಕರ ಗೇಣು ಹಾಕಿದವರು ಯಾರು? ಶಿಷ್ಯೆಯಾ? ಬಡಗಿಯ ತಂಗಿಯಾ? ಏಳು ವರ್ಷ ಒಬ್ಬನೇ ಇದ್ದೀಯ. ನನಗೆ ಹೇಳಲು ಯಾಕೆ ಸಂಕೋಚ? ಕತ್ತರಿಯ ಮೇಲೆ ಹಾಕಿದ ಅಪವಾದವನ್ನೂ ಮನ್ನಿಸಿದ್ದೇನೆ. ಹೆಸರು ಬೇಡ, ಅಡುಗೆ ಬರುತ್ತಾ ಅಷ್ಟು ಹೇಳು ಸಾಕು.

ಅಕ್ಕ

ಏಪ್ರಿಲ್ ೨೫

ಅಕ್ಕಾ,

ಹೌದು, ಬೇರೆಯವರು ಅಳೆದರು. ಸದ್ಯಕ್ಕೆ ಹೆಚ್ಚು ಕೇಳಬೇಡ. ಚೋಟಿಗಂತೂ ಏನೂ ಬರೆಯಬೇಡ. ಡೇರೆ ಮೇ ಹತ್ತರೊಳಗೆ ಕೈ ಸೇರಿದರೆ ಸಾಕು.

ತಮ್ಮ

ಏಪ್ರಿಲ್ ೩೦

ತಮ್ಮಾ,

ಡೇರೆ ಮೊನ್ನೆ ಬಂತು. ಹೊಸದಾಗಿ ಕತ್ತರಿಸಿ ಹೊಲಿದೂ ಆಯಿತು, ಈಗ ನನ್ನ ಮೇಜಿನ ಕೆಳಗಿದೆ. ಅಲ್ಲೇ ಇರುತ್ತದೆ.

ನೀನು ಹಗ್ಗ ಬಿಚ್ಚದೆ ಕಳಿಸಿದ್ದೀಯ. ಎಂಟು ಗಂಟುಗಳನ್ನೂ ನೋಡಿದೆ. ಒಂದೂ ಅಪ್ಪ ಕಲಿಸಿದ ಗಂಟಲ್ಲ. ಹೇಗೋ ಸುತ್ತಿ, ಹಲ್ಲಿನಲ್ಲಿ ಕಚ್ಚಿ ಎಳೆದವು. ಹಗ್ಗದ ತುದಿಗಳೆಲ್ಲ ಜಗಿದು ಬ್ರಷ್ಷಿನ ಹಾಗಾಗಿವೆ. ಎರಡು ಕೈ ಇರುವವರು ಹಲ್ಲು ಯಾಕೆ ಹಾಕುತ್ತಾರೆ? ಜೊತೆಗೆ ಒಬ್ಬಳು ಇದ್ದಿದ್ದರೆ ಒಂದು ತುದಿ ಅವಳೇ ಹಿಡಿಯುತ್ತಿದ್ದಳು. ಯಾರೂ ಇಲ್ಲ. ಗೇಣು ನಿನ್ನದೇ. ಹಲಗೆಗೆ ಬಡಗಿ ಯಾಕೆ ಬೇಕಾಯಿತು ಅಂತಲೂ ಈಗ ಗೊತ್ತಾಯಿತು. ಅಂಗೈ ಹುಣ್ಣಿಗೆ ಕನ್ನಡಿ ಬೇಕಾ?

ಒಂದು ಹಾಳೆಯ ಮೇಲೆ ಎಡಗೈ ಇಡು. ಆದಷ್ಟು ಅಗಲಿಸು. ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಸುತ್ತ ಗೆರೆ ಎಳೆದು ಕಳಿಸು. ಒಂಬತ್ತು ಇಂಚು ಇದ್ದರೆ ಅವತ್ತೇ ಡೇರೆ ಕಳಿಸಿ ನಿನ್ನ ಕಾಲಿಗೆ ಬೀಳುತ್ತೇನೆ. ಇಲ್ಲದಿದ್ದರೆ ಆ ಕೈಯಲ್ಲಿ ಗೇರು ಹಾಕಿಕೊಂಡು ಆರು ಗಂಟೆ ಬೆಟ್ಟದ ದಾರಿಯಲ್ಲಿ ಮಗುವನ್ನು ಕರೆದುಕೊಂಡು ಹೋಗಲು ನಾನು ಬಿಡುವುದಿಲ್ಲ.

ಅಕ್ಕ

ಮೇ ೩

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವವನು ನಾನಲ್ಲ. ಹದಿನೆಂಟು ವರ್ಷದಿಂದ ಊರಿಗೆಲ್ಲ ಕಾರು ಓಡಿಸುವುದು ಕಲಿಸಿದವನಿಗೆ ನೀನು ಗಾಡಿ ಪಾಠ ಹೇಳಬೇಡ. ವರ್ಷಕ್ಕೆ ಹತ್ತು ದಿನ, ಅದಕ್ಕೂ ಅಡ್ಡ ಬರುತ್ತೀಯಾ? ನಿನ್ನ ಡೇರೆ ನೀನೇ ಇಟ್ಟುಕೋ. ಬೇರೆ ಕಡೆ ಕೊಳ್ಳುತ್ತೇನೆ.

ಮೇ ೮

ಅಕ್ಕಾ,

ಹಾಳೆಯ ಹಿಂದೆ ನನ್ನ ಕೈ ಇದೆ. ಕಿರುಬೆರಳು ಮತ್ತು ಉಂಗುರದ ಬೆರಳು ಅಷ್ಟಕ್ಕಿಂತ ಬಿಚ್ಚುವುದಿಲ್ಲ.

ಡಿಸೆಂಬರಿನಲ್ಲಿ ಆದದ್ದು. ಬೆಳಿಗ್ಗೆ ಅಂಗಿಯ ಗುಂಡಿ ಹಾಕಲು ಹೋದರೆ ಕೈ ನನ್ನದಲ್ಲ ಅನ್ನಿಸಿತು. ಲಕ್ವದ ಸಣ್ಣ ಏಟು ಅಂದರು ಡಾಕ್ಟರು. ಮಾತಿಗೆ, ಕಾಲಿಗೆ ಏನೂ ಆಗಿಲ್ಲ. ಮಾತ್ರೆ ಕೊಟ್ಟರು, ಬೆರಳಿಗೆ ವ್ಯಾಯಾಮ ಹೇಳಿದರು, ತಾವು ಹೇಳುವವರೆಗೆ ಕಾರು ಓಡಿಸಬೇಡ ಅಂದರು. ಪಕ್ಕದ ಸೀಟಿನಲ್ಲಿ ಕೂರಬೇಡ ಅಂದಿಲ್ಲವಲ್ಲ ಅಂತ ಪಾಠ ನಡೆಸಿಕೊಂಡು ಬಂದೆ. ಯಾರಿಗೂ ಗೊತ್ತಾಗಲಿಲ್ಲ. ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬೈಯುತ್ತಾ ಕೂತರೆ ಆಯಿತು. ಮೇ ಹೊತ್ತಿಗೆ ಸರಿಹೋಗುತ್ತದೆ ಅಂದುಕೊಂಡಿದ್ದೆ.

ನಿನಗೆ ಬೈದು ಬರೆದ ಮರುದಿನ, ನೋಡಿಯೇಬಿಡೋಣ ಅಂತ ನಾನೊಬ್ಬನೇ ಕಾರು ತೆಗೆದೆ. ಸಪಾಟು ರಸ್ತೆಯಲ್ಲಿ ಚೆನ್ನಾಗೇ ಹೋಯಿತು. ಮೇಲ್ಸೇತುವೆಯ ಏರಿನಲ್ಲಿ ಸಿಗ್ನಲ್ ಬಿತ್ತು. ಹಸಿರಾದಾಗ ಎಡಗೈ ಗೇರಿನ ಮೇಲಿದೆ, ಗೇರು ಬೀಳುತ್ತಿಲ್ಲ. ಬಲಗೈ ತಂದು ತಳ್ಳಲು ವಾಲಿದೆ, ಕಾಲು ಬ್ರೇಕಿನಿಂದ ಜಾರಿತು. ಕಾರು ಹಿಂದಕ್ಕೆ ಹೋಯಿತು. ಹಿಂದೆ ಸ್ಕೂಟರಿನಲ್ಲಿ ಒಬ್ಬಾಕೆ, ಬೆನ್ನಿಗೆ ಅಂಟಿಕೊಂಡು ಒಂದು ಹುಡುಗಿ. ಕಾರು ಸ್ಕೂಟರಿನ ಮುಂದಿನ ಚಕ್ರಕ್ಕೆ ತಗುಲಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ. ಆಕೆ ಕಾರಿನ ಮೇಲಿನ ಬೋರ್ಡು ಓದಿದಳು, ನನ್ನ ಮುಖ ನೋಡಿದಳು, ಸ್ಕೂಟರನ್ನು ಪಕ್ಕಕ್ಕೆ ತಿರುಗಿಸಿಕೊಂಡು ಹೋದಳು. ನನ್ನ ಶಿಷ್ಯರು ಹೀಗೆ ಮಾಡಿದ್ದರೆ ನಾನು ಅರ್ಧ ಗಂಟೆ ಬೈಯುತ್ತಿದ್ದೆ.

ಕಾರನ್ನು ಅಲ್ಲೇ ಪಕ್ಕಕ್ಕೆ ಹಾಕಿ ಬಡಗಿಯನ್ನು ಕರೆಸಿ ಅವನ ಕೈಲಿ ಮನೆಗೆ ತರಿಸಿದೆ. ಸಂಜೆ ಚೋಟಿಯ ಅಮ್ಮನಿಗೆ ಎಲ್ಲ ಬರೆದು ಹಾಕಿದೆ. ಉತ್ತರ ಬಂದಿಲ್ಲ. ನನ್ನ ಪಾಲಿನ ಹತ್ತು ದಿನ ಕೈತಪ್ಪಿತು ಅಂತಲೇ ಲೆಕ್ಕ. ನನಗೆ ಅಳು ಬಂತು ಅಕ್ಕಾ, ಸುಳ್ಳು ಯಾಕೆ ಹೇಳಲಿ.

ನೀನು ಅಡ್ಡ ಬಂದದ್ದು ಒಳ್ಳೆಯದಾಯಿತು.

ನಿನ್ನ ತಮ್ಮ

ಮೇ ೧೧

ನನ್ನಪ್ಪಾ,

ನಿನ್ನ ಕೈಯ ಗೆರೆಯನ್ನು ಮೇಜಿನ ಮೇಲಿಟ್ಟು ಅದರ ಮೇಲೆ ನನ್ನ ಕೈ ಇಟ್ಟೆ. ಆಮೇಲೆ ಅರ್ಧ ದಿನ ಮಿಷನ್ನು ತುಳಿಯಲಿಲ್ಲ. ಡಿಸೆಂಬರಿನಿಂದ ಒಬ್ಬನೇ ಗುಂಡಿ ಹಾಕಿಕೊಳ್ಳಲು ಒದ್ದಾಡಿದ್ದೀಯ. ನಾನಿಲ್ಲಿ ಅಡುಗೆ ಬರುತ್ತಾ ಅಂತ ತಮಾಷೆ ಮಾಡುತ್ತಾ ಕೂತಿದ್ದೆ. ನಿನ್ನ ಮೇಲೆ ಸಿಟ್ಟಿದೆ, ಅದಕ್ಕಿಂತ ನನ್ನ ಮೇಲಿದೆ.

ಡೇರೆ ಇವತ್ತಿನ ರಾತ್ರಿ ಬಸ್ಸಿನ ಪಾರ್ಸೆಲ್ಲಿನಲ್ಲಿ ಹೊರಟಿದೆ, ಈ ಕಾಗದವೂ ಅದರೊಳಗೇ; ನಾಳೆ ಬೆಳಿಗ್ಗೆ ನಿನ್ನ ಕೈಲಿರುತ್ತದೆ. ಹಗ್ಗ ತೆಗೆದು ಅಗಲದ ಪಟ್ಟಿ ಹಾಕಿದ್ದೇನೆ, ಬ್ಯಾಗಿಗೆ ಇರುತ್ತದಲ್ಲ ಹಾಗೆ, ಒಂದೇ ಕೈಯಲ್ಲಿ ಎಳೆದರೆ ಬಿಗಿಯಾಗುತ್ತದೆ.

ಅವಳಮ್ಮ ಏನು ಹೇಳುತ್ತಾಳೋ ಗೊತ್ತಿಲ್ಲ. ಆದರೆ ಒಂದು ಯೋಚನೆ ಮಾಡು. ಈ ಡೇರೆಗೆ ಕಾರು ಬೇಕು, ಓಡುವ ಕಾರೇನೂ ಬೇಕಿಲ್ಲ. ನೀನು ಪಾಠ ಹೇಳುವ ಮೈದಾನವಿದೆ, ಸುತ್ತ ಗೋಡೆ ಇದೆ, ನಲ್ಲಿ ಇದೆ, ಒಂದು ಮರವೂ ಇದೆ ಅಂದ ನೆನಪು. ಬಡಗಿ ಅಲ್ಲಿ ತಂದು ನಿಲ್ಲಿಸಿದರೆ ಸಾಕು. ಕೇಳಿ ನೋಡು. ಇಲ್ಲ ಅಂದರೂ ಈಗ ಇರುವುದಕ್ಕಿಂತ ಕಡಿಮೆಯೇನೂ ಆಗುವುದಿಲ್ಲ.

ಇಪ್ಪತ್ತೈದಕ್ಕೆ ಅಂಗಡಿ ಮುಚ್ಚಿ ನಾನು ಬರುತ್ತೇನೆ. ಲಾರಿಯವರು ಬಾಯಿ ಬಡಿದುಕೊಳ್ಳಲಿ. ಡಾಕ್ಟರ ಹತ್ತಿರ ಇಬ್ಬರೂ ಹೋಗೋಣ. ಅಕ್ಕ ಸತ್ತರೆ ಅಮಾವಾಸ್ಯೆ ನಿಲ್ಲುವುದಿಲ್ಲವಂತೆ, ಇನ್ನು ಅಂಗಡಿ ಒಂದು ವಾರ ಮುಚ್ಚಿದರೆ ಏನು ನಿಲ್ಲುತ್ತದೆ?

ಅಕ್ಕ

ಮೇ ೨೪

ಅಕ್ಕಾ,

ನಾಳೆ ನೀನು ಹೊರಡುವವಳು. ಈ ಕಾಗದ ನಿನ್ನ ಬಾಗಿಲು ಮುಟ್ಟುವಾಗ ನೀನು ಇಲ್ಲಿರುತ್ತೀಯ. ಆದರೂ ಬರೆಯುತ್ತಿದ್ದೇನೆ, ಎದುರಿಗೆ ಹೇಳಲು ನನಗೆ ಬರುವುದಿಲ್ಲ.

ಅವಳಮ್ಮ ಹನ್ನೆರಡನೇ ತಾರೀಖು ಸಂಜೆ ಫೋನ್ ಮಾಡಿದಳು. ‘ಇನ್ನೂ ಏನಾದ್ರೂ ಮುಚ್ಚಿಟ್ಟಿದ್ದೀಯಾ?’ ಅಂದಳು. ಇಲ್ಲ ಅಂದೆ. ಬೆಟ್ಟಕ್ಕೆ ಸುತರಾಂ ಬೇಡ ಅಂದಳು. ಮೈದಾನದ ಮಾತು ಎತ್ತಿದೆ. ಕಾರಿನ ಕೀ ಬಡಗಿಯ ಹತ್ತಿರ ಇರಬೇಕು, ತಾನೇ ಬಸ್ಸಿನಲ್ಲಿ ಕರೆತಂದು ಬಿಡುತ್ತೇನೆ ಅಂದಳು. ಎರಡು ಗಂಟೆಯ ದಾರಿ ತಾನೇ.

ಮೊದಲ ದಿನ ಚೋಟಿ ಬೆನ್ನಿನ ಬ್ಯಾಗು ಇಳಿಸಲೇ ಇಲ್ಲ. ಸುತ್ತ ಪ್ಲಾಸ್ಟಿಕ್ ಕೋನುಗಳು, ನೆಲದ ಮೇಲೆ ಎಂಟರ ಆಕಾರದ ಬಿಳಿ ಗೆರೆ, ನಡುವೆ ನಮ್ಮ ಕಾರು. ‘ಇದು ಕ್ಯಾಂಪಿಂಗ್ ಅಲ್ಲ ಅಪ್ಪ, ಪಾರ್ಕಿಂಗ್’ ಅಂದಳು. ನಿನ್ನ ಡೇರೆ ಅಳತೆಗೆ ಸರಿಯಾಗಿ ಕೂತಿತು, ಅಷ್ಟು ಸಮಾಧಾನ.

ಎರಡನೇ ದಿನ ಬೆಳಿಗ್ಗೆ ನಾನು ಬೆರಳಿನ ವ್ಯಾಯಾಮ ಮಾಡುತ್ತಿದ್ದೆ. ಬಟ್ಟೆಗೆ ಹಾಕುವ ಕ್ಲಿಪ್ಪುಗಳನ್ನು ಒತ್ತಿ ಒತ್ತಿ ಹಗ್ಗಕ್ಕೆ ಸಿಕ್ಕಿಸಬೇಕು. ನೋಡುತ್ತಾ ನಿಂತಳು. ಆಮೇಲೆ ಎದುರಿಗೆ ಕೂತು ಎಣಿಸತೊಡಗಿದಳು. ಹತ್ತಾದ ಮೇಲೂ ಬಿಡಲಿಲ್ಲ. ಅಕ್ಕಾ, ಅವಳು ನನಗಿಂತ ಕೆಟ್ಟ ಮೇಷ್ಟ್ರು. ‘ಎಲ್ಲಿ ನೋಡ್ತಿದೀಯಾ, ಕೈ ನೋಡು’ ಅಂತ ನನ್ನ ಮಾತನ್ನೇ ನನಗೆ ಹೇಳುತ್ತಾಳೆ.

ನಾಲ್ಕನೇ ದಿನ ನನಗೆ ಹೆದರಿಕೆ ಇತ್ತು, ಹೋದ ವರ್ಷ ಹೊರಟುಹೋದದ್ದು ನಾಲ್ಕನೇ ದಿನವೇ. ಧೈರ್ಯ ಮಾಡಿ ಕೇಳಿಯೇಬಿಟ್ಟೆ, ಹೋದ ಸಲ ಅಷ್ಟು ಊರು ತೋರಿಸಿದರೂ ಯಾಕೆ ಬೇಜಾರಾಯಿತು ಅಂತ. ಅವಳು ಡೇರೆಯ ಪಟ್ಟಿ ಬಿಗಿ ಮಾಡುತ್ತಾ ಹೇಳಿದಳು: ‘ನೀನು ಇಡೀ ದಿನ ಓಡಿಸ್ತಾನೇ ಇದ್ದೆ. ನಾನು ಹಿಂದಿನ ಸೀಟಲ್ಲಿ ಕೂತು ನಿನ್ನ ತಲೆಯ ಹಿಂಭಾಗ ನೋಡ್ತಿದ್ದೆ. ಮೊಬೈಲಾದ್ರೂ ನನ್ನ ಕಡೆ ಮುಖ ಮಾಡಿತ್ತು.’

ಊರು ತೋರಿಸದಿದ್ದರೆ ಬರುವುದಿಲ್ಲ ಅಂತ ನಾನು ಇಷ್ಟು ವರ್ಷ ಪೆಟ್ರೋಲ್ ಸುಟ್ಟಿದ್ದೇನೆ. ಕೈ ಸರಿ ಇದ್ದಿದ್ದರೆ ಈ ವರ್ಷವೂ ಸುಡುತ್ತಿದ್ದೆ.

ಹತ್ತು ದಿನವೂ ಇದ್ದಳು. ಇವತ್ತು ಬೆಳಿಗ್ಗೆ ಅವಳಮ್ಮ ಬಂದಳು, ಡೇರೆಯೊ‍ಳಗೆ ಬಗ್ಗಿ ನೋಡಿದಳು, ಹೊಲಿಗೆ ಚೆನ್ನಾಗಿದೆ ಅಂದಳು. ಚೋಟಿ ಬ್ಯಾಗು ಬೆನ್ನಿಗೇರಿಸಿಕೊಂಡು ಹೊರಡಲು ನಿಂತವಳು ನಮ್ಮಿಬ್ಬರನ್ನೂ ನೋಡಿ ಕೇಳಿದಳು: ‘ಎಲ್ಲಿಗೂ ಹೋಗೋದೇ ಬೇಡ ಅಂದ್ರೆ, ವರ್ಷಕ್ಕೆ ಒಂದೇ ಸಲ ಯಾಕೆ ಬರ್ಬೇಕು?’

ಅವಳಮ್ಮ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಏಳು ವರ್ಷದ ಹಿಂದೆ ಆ ಹತ್ತು ದಿನದ ಮಾತು ಮಾಡಿಕೊಂಡವರು ನಾವಿಬ್ಬರೇ. ಅವಳಮ್ಮ ಮೊಬೈಲಿನಲ್ಲಿ ಕ್ಯಾಲೆಂಡರ್ ತೆರೆದಳು. ಚೋಟಿ ಜೂನ್ ಎರಡನೇ ಶನಿವಾರ ಮತ್ತೆ ಬರುತ್ತಾಳೆ.

ನಿನ್ನ ತಮ್ಮ